ಪೊಲೀಸ್ ಮೈದಾನದ ಮೂರನೇ ಪಿಚ್: ಚೆಂಡು ಏಳದೆ ಇದ್ದದ್ದು ಯಾಕೆಂದು ಕೊನೆಗೂ ಗೊತ್ತಾಯ್ತು

ಕಳ್ಳ ಸಿಕ್ಕಿಬಿದ್ದ. ಪೆವಿಲಿಯನ್ ಎಂಡ್‌ನ ಗುಡ್ ಲೆಂಗ್ತ್‌ನಲ್ಲಿ (ಒಳ್ಳೆಯ ಎಸೆತ ನೆಲಕ್ಕೆ ಬೀಳುವ ಜಾಗ), ಮೇಲಿಂದ ಸುಮಾರು 40 ಮಿ.ಮೀ. ಕೆಳಗೆ, ತೆಳ್ಳನೆಯ ಮರಳಿನ ಪದರ. ಚೆಂಡು ಬ್ಯಾಟ್ಸ್‌ಮನ್‌ಗಳ ಮೊಣಕಾಲ ಕೆಳಗೇ ನುಸುಳಿ ಸ್ಟಂಪ್ ಎಗರಿಸುತ್ತಿದ್ದದ್ದು ಇದರಿಂದ. ರೋಲರ್ ಸಾಲದು, ನೀರು ಸಾಲದು, ಹುಲ್ಲು ಜಾಸ್ತಿ, ಬೌಲರ್‌ಗೆ ಸೋಮಾರಿತನ ಅಂತ ಬಂದ ದೂರುಗಳಲ್ಲಿ ಎಫ್‌ಐಆರ್ ಹಾಕುವಷ್ಟು ಸತ್ವ ಒಂದರಲ್ಲೂ ಇರಲಿಲ್ಲ.

ಮೈದಾನದ ಸ್ಥಿತಿ ಗೊತ್ತಿರುವುದೇ. ಬೆಳಿಗ್ಗೆ ಕವಾಯತು, ಮಳೆಗಾಲಕ್ಕೆ ಫುಟ್‌ಬಾಲ್, ನೆಲ ಒಣಗಿದ ಮೇಲೆ ಕ್ರಿಕೆಟ್. ನಡುವೆ ಐದು ಪಿಚ್‌ಗಳ ಸ್ಕ್ವೇರ್, ಫುಟ್‌ಬಾಲ್ ಅಂಗಣದ ಉದ್ದಕ್ಕೇ ಹಾಸಿಕೊಂಡಿದೆ. ಸೆಂಟರ್ ಸ್ಪಾಟ್ ಬೀಳುವುದು ಮೂರನೇ ಪಿಚ್‌ನ ನಟ್ಟನಡುವೆ. ಜರಡಿ, ಗರಿಕೆ ನಾಟಿ, ಮೊದಲ ರೋಲಿಂಗ್ ಇವೆಲ್ಲ ಓದುವವರಿಗೆ ಕರತಲಾಮಲಕ. ಬಿಟ್ಟು ಮುಂದೆ ಹೋಗೋಣ.

ಮೊದಲು ಮಾಡಬೇಕಾದದ್ದು ಬೌನ್ಸ್ ಪರೀಕ್ಷೆ. 4.88 ಮೀಟರ್ ಎತ್ತರದಿಂದ ಚೆಂಡನ್ನು ಸುಮ್ಮನೆ ಕೈಬಿಡಬೇಕು, ಎಸೆಯಬಾರದು. ಅದು 76 ಸೆಂ.ಮೀ. ದಾಟಿ ಎದ್ದರೆ ಪಿಚ್ ಅತಿ ವೇಗದ್ದು, 38ಕ್ಕಿಂತ ಕೆಳಗೇ ನಿಂತರೆ ನಿಧಾನದ್ದು. ಗೇಟ್ ಎಂಡ್ ಮರ್ಯಾದೆಯಾಗಿತ್ತು. ಪೆವಿಲಿಯನ್ ಎಂಡ್‌ನಲ್ಲಿ ಮಾತ್ರ ಚೆಂಡು 38ರ ಗೆರೆಯನ್ನೇ ಮುಟ್ಟಲಿಲ್ಲ. ಒಂದೇ ಮಣ್ಣು, ಒಂದೇ ರೋಲರ್, ಒಂದೇ ದಿನ ನೀರು. ಎರಡು ತುದಿಗೆ ಎರಡು ಸ್ವಭಾವ ಬಂದಿದ್ದರೆ ಮೇಲ್ಮೈಯನ್ನು ಎಷ್ಟು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ, ಒಳಗೆ ನೋಡಬೇಕು. ಪಿಚ್‌ಗೆ ತೂತು ಹಾಕುವ ಮಾತೆತ್ತಿದರೆ ಅರ್ಧ ಸಮಿತಿಗೆ ಜ್ವರ ಬರುತ್ತದೆ ಅನ್ನುವುದು ಬೇರೆ ವಿಷಯ. ಎರಡೂ ಎಂಡ್‌ಗಳಿಂದ 100 ಮಿ.ಮೀ. ಆಳದ ಕೋರ್ (ಕೊಳವೆ ಇಳಿಸಿ ಎತ್ತಿದ ಮಣ್ಣಿನ ಉರುಳೆ) ತೆಗೆಯದೆ ಯಾರೂ ಇನ್ನೊಂದು ಡ್ರಮ್ ನೀರು ಸುರಿಯಬೇಡಿ.

ಗೇಟ್ ಎಂಡ್‌ನ ಕೋರ್ ಕೈಯಲ್ಲಿ ಬಗ್ಗಿಸಿದರೆ ಓರೆಕೋರೆಯಾಗಿ, ಒಲ್ಲದ ಮನಸ್ಸಿನಿಂದ ಮುರಿಯಿತು. ಬೇರುಗಳು ನೇರವಾಗಿ ಕೆಳಗಿಳಿದಿದ್ದವು. ಪೆವಿಲಿಯನ್ ಎಂಡ್‌ನದ್ದು ಬಗ್ಗಿಸುವ ಮೊದಲೇ ಬಿಸ್ಕತ್ತಿನ ಹಾಗೆ ಎರಡು ತುಂಡು. ಮುರಿದ ಮುಖ ಚಪ್ಪಟೆ. ಅದರ ಮೇಲೆ ಬಿಳಿ ಬೇರುಗಳು ಕೆಳಗೆ ದಾರಿ ಕಾಣದೆ ಅಡ್ಡಡ್ಡ ಹರಡಿ ಬಲೆ ಹೆಣೆದಿದ್ದವು. ಬಲೆಯನ್ನು ಉಜ್ಜಿದರೆ ಬೆರಳ ತುದಿಗೆ ಮರಳಿನ ಕಾಳು.

ಇಷ್ಟು ತೆಳು ಮರಳು ಏನು ಮಾಡೀತು ಅನ್ನುವವರಿಗೆ: ಪಿಚ್ ಗಟ್ಟಿಯಾಗುವುದು ರೋಲರ್ ಒಂದರಿಂದಲೇ ಅಲ್ಲ. ಹುಲ್ಲಿನ ಬೇರು ಆಳದ ತೇವ ಹೀರಬೇಕು, ಜೇಡಿ ಕೆಳಗಿನಿಂದಲೂ ಒಣಗಿ ಬಿಗಿಯಬೇಕು. ಬೇರು 40 ಮಿ.ಮೀ.ಗೇ ನಿಂತರೆ ಕೆಳಗಿನ ಮಣ್ಣು ಹಸಿಯಾಗೇ ಉಳಿಯುತ್ತದೆ. ಸಣ್ಣ ರಂಧ್ರಗಳ ಜೇಡಿಯಿಂದ ದೊಡ್ಡ ರಂಧ್ರಗಳ ಮರಳಿಗೆ ನೀರು ಸುಲಭವಾಗಿ ಇಳಿಯುವುದೂ ಇಲ್ಲ. ಮೇಲಿನ ಪದರ ಪೂರ್ತಿ ನೆನೆಯುವ ತನಕ ಅಲ್ಲೇ ತೂಗಿಕೊಂಡಿರುತ್ತದೆ. ಮೇಲಿನದು ಒಣಗಿದ ಮೇಲೆ ತಳಕ್ಕೆ ಅಂಟದ ಸಡಿಲ ಹಲಗೆ. ಚೆಂಡಿನ ಪೆಟ್ಟಿನ ಶಕ್ತಿಯೆಲ್ಲ ಆ ಹಲಗೆ ಅಲುಗುವುದರಲ್ಲೇ ಮುಗಿಯುತ್ತದೆ. ಒಣಗಿದ ಪಿಚ್ ಮೇಲೆ ಒಂದು ಟನ್ ರೋಲರ್ ಓಡಿಸಿದರೆ ಮೇಲ್ಮೈಗೆ ಹೊಳಪು ಬರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೆ.

ಮರಳು ಬಂದ ದಾರಿ ಹುಡುಕುವುದು ಕಷ್ಟವಲ್ಲ. ಫುಟ್‌ಬಾಲ್ ಮುಗಿದಾಗ ಸ್ಕ್ವೇರ್ ತುಂಬ ಬೂಟಿನ ಮೊಳೆಗಳ, ಅಂದರೆ ಸ್ಟಡ್‌ಗಳ, ಗುಂಡಿ. ಬೇಗ ಸಮತಟ್ಟು ಮಾಡಲು ಮರಳು ಎರಚುವುದು ಹಳೆಯ ಚಾಳಿ. ಅದರ ಮೇಲೆ ವರ್ಷವರ್ಷವೂ ಟಾಪ್ ಡ್ರೆಸ್ಸಿಂಗ್ (ಮೇಲ್ಮೈಗೆ ಹೊಸ ಮಣ್ಣಿನ ತೆಳು ಪದರ) ಬಿದ್ದು ಮರಳು ಕೆಳಗೆ ಹೂತುಹೋಗುತ್ತದೆ. ಪೆವಿಲಿಯನ್ ಕಡೆಗೇ ಯಾಕೆ? ವಾರ್ಮ್-ಅಪ್ ನಡೆಯುವುದು ಅಲ್ಲೇ, ನೆರಳಿರುವ ಕಡೆ. ಪಂದ್ಯದಲ್ಲಿ ಇಪ್ಪತ್ತೆರಡು ಜನ ಇಡೀ ಅಂಗಣಕ್ಕೆ ಹಂಚಿಹೋಗುತ್ತಾರೆ. ವಾರ್ಮ್-ಅಪ್‌ನಲ್ಲಿ ಹತ್ತಾರು ಬೂಟುಗಳು ಒಂದೇ ಜಾಗದಲ್ಲಿ ತಿರುಗಿ ತಿರುಗಿ ನೆಲ ಕಿತ್ತುಹಾಕುತ್ತವೆ. ಫುಟ್‌ಬಾಲ್ ಕೋಚ್ ವಾದದಲ್ಲೂ ಹುರುಳಿದೆ: ಜೇಡಿ ನೆಲ ಒಣಗಿದರೆ ಸ್ಲೈಡಿಂಗ್ ಟ್ಯಾಕಲ್‌ಗೆ ಮೊಣಕಾಲ ಚರ್ಮವೇ ದಂಡ. ಅದಕ್ಕೆ ಮದ್ದು ಮಾತ್ರ ಮರಳಲ್ಲ. ಫುಟ್‌ಬಾಲ್ ತಿಂಗಳುಗಳಲ್ಲಿ ಸ್ಕ್ವೇರ್ ಮೇಲೂ ಗರಿಕೆಯನ್ನು 25 ಮಿ.ಮೀ. ಬಿಡಬೇಕು, ಜೋರು ಮಳೆ ಬಿದ್ದ ದಿನ ಆ ಭಾಗಕ್ಕೆ ಹಗ್ಗ ಕಟ್ಟಬೇಕು, ವಾರ್ಮ್-ಅಪ್ ಅನ್ನು ಗೋಲ್‌ಪೋಸ್ಟ್‌ನ ಹಿಂದಕ್ಕೆ ಸಾಗಿಸಬೇಕು. ಗುಂಡಿಗಳಿಗೆ ಪಿಚ್‌ನದೇ ಮಣ್ಣಿನ ಪುಡಿಯನ್ನು ತುಸು ತೇವ ಮಾಡಿ ಮರದ ತುಂಡಿನಿಂದ ತಟ್ಟಿ ಕೂರಿಸಬೇಕು.

ಇದೇ ತನಿಖೆಯಲ್ಲಿ ಎರಡನೇ ಆರೋಪಿಯೂ ಸಿಕ್ಕ: ಸುಣ್ಣದ ಪುಡಿ. ಸೆಂಟರ್ ಸರ್ಕಲ್ ತ್ರಿಜ್ಯ 9.15 ಮೀಟರ್. ಪಿಚ್ ಮಧ್ಯದಿಂದ ಸ್ಟಂಪ್‌ಗೆ 10.06, ಸ್ಟಂಪ್ ಮುಂದಿನ ಗೆರೆಯಾದ ಪಾಪಿಂಗ್ ಕ್ರೀಸ್‌ಗೆ 8.84. ಅಂದರೆ ಮೂರನೇ ಪಿಚ್‌ನಲ್ಲಿ ಸರ್ಕಲ್ ಗೆರೆ ಪಾಪಿಂಗ್ ಕ್ರೀಸ್‌ಗಿಂತ 31 ಸೆಂ.ಮೀ. ಹಿಂದೆ ಹಾಯುತ್ತದೆ, ವೇಗದ ಬೌಲರ್‌ನ ಮುಂಗಾಲು ಧೊಪ್ಪನೆ ಬೀಳುವ ಜಾಗದಲ್ಲೇ. ಸುಣ್ಣ ಜೇಡಿಯ ಕಣಗಳನ್ನು ಗುಂಪುಗೂಡಿಸಿ ಅದರ ಅಂಟುಗುಣ ಕಡಿಮೆ ಮಾಡುತ್ತದೆ. ರಸ್ತೆ ಕೆಲಸದವರು ಬೇಕೆಂದೇ ಹಾಗೆ ಮಾಡುತ್ತಾರೆ. ನಮಗೆ ಅದರಿಂದ ಸಿಗುವುದು ಪುಡಿಪುಡಿ ಮಣ್ಣು, ಆಮೇಲೆ ಕಾಲ್ಗುಂಡಿ. ಪಕ್ಕದ ಎರಡು ಮತ್ತು ನಾಲ್ಕನೇ ಪಿಚ್‌ಗಳ ಮಧ್ಯರೇಖೆಯಲ್ಲಿ ಗೆರೆ ಕ್ರೀಸ್‌ಗಿಂತ 21 ಸೆಂ.ಮೀ. ಮುಂದೆ, ಒಂದು ಮತ್ತು ಐದರಲ್ಲಿ ಸುಮಾರು ಎರಡು ಮೀಟರ್ ಮುಂದೆ. ಸ್ಕ್ವೇರ್ ಮೇಲೆ ಇನ್ನು ನೀರಿನಲ್ಲಿ ಕಲೆಸುವ ಬಣ್ಣ ಮಾತ್ರ. ಕವಾಯತಿನ ಗೆರೆಗಳಿಗೂ ಇದೇ ನಿಯಮ. ಮನವಿ ಸಲ್ಲಿಸಿದ್ದೇವೆ, ಕಡತ ನಡೆಯುತ್ತಿದೆ, ಕಡತ ನಡೆಯುವ ವೇಗದಲ್ಲಿ.

ಈಗ ದುರಸ್ತಿ. ಮರಳಿಗಿಂತ ಕೆಳಗೆ ಇಳಿಯಲೇಬೇಕು, 60 ಮಿ.ಮೀ. 3.05 ಮೀಟರ್ ಅಗಲ, ಎರಡೂ ತುದಿಗೆ ಸ್ವಲ್ಪ ಹೆಚ್ಚುವರಿ ಸೇರಿಸಿ 22.5 ಮೀಟರ್ ಉದ್ದ ಅಂದರೆ ಗಟ್ಟಿಯಾದ ಮಣ್ಣು 4.1 ಘನ ಮೀಟರ್. ಸಡಿಲ ಮಣ್ಣು ಆರೂವರೆ ಘನ ಮೀಟರ್ ಇಟ್ಟುಕೊಂಡರೆ ಕ್ಷೇಮ. ಕೆತ್ತಿದ ತಳವನ್ನು ನುಣುಪಾಗಿ ಬಿಟ್ಟರೆ ಹೊಸ ಪದರದ ಕೆಳಗೆ ಹಳೆಯ ರೋಗವೇ ಮತ್ತೆ. ಕುಂಟೆಯಿಂದ ಅಡ್ಡ ಉದ್ದ 10-15 ಮಿ.ಮೀ. ಗೀರಿ, ತೇವ ಮಾಡಿ, 30 ಮಿ.ಮೀ. ಮಣ್ಣು ಹರಡಿ, ತುಳಿದು, ಹಗುರ ರೋಲರ್ ಓಡಿಸಿದರೆ ಹೆಚ್ಚುಕಡಿಮೆ 20ಕ್ಕೆ ಇಳಿಯುತ್ತದೆ. ಮತ್ತೆ ಗೀರು, ಮತ್ತೆ ಹರಡು. ಮೂರು ಪದರ. ಕೈಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ಅಂಗೈಗೆ ಮೆತ್ತಬಾರದು. ಮೂರು ಪದರಕ್ಕೂ ಅದೇ ತೇವ. ಪಕ್ಕದ ಪಿಚ್‌ನ ಅಂಚಿಗೂ ನೀರು ಕೊಡಬೇಕು, ಇಲ್ಲದಿದ್ದರೆ ಒಣಗುವಾಗ ಹೊಸ ಮಣ್ಣು ಅಂಚು ಬಿಟ್ಟು ಸುತ್ತಲೂ ಸೀಳು ಬರುತ್ತದೆ.

ತುಳಿಯುವ ವಿಷಯದಲ್ಲಿ ಪೊಲೀಸ್ ಕ್ಲಬ್‌ಗೆ ಇರುವ ಅನುಕೂಲ ಯಾವ ಕ್ಲಬ್‌ಗೂ ಇಲ್ಲ. ಬೂಟು ಹಾಕಿದ ಒಂದು ಪ್ಲಟೂನ್ ಸಾಕು. ಆದರೆ ‘ಕದಮ್ ತಾಲ್’ ಮಾಡಿಸಬೇಡಿ: ನಿಂತಲ್ಲೇ ಕುಟ್ಟಿದರೆ ಹೊಂಡ ಬೀಳುತ್ತದೆ. ಭಾರವೆಲ್ಲ ಹಿಮ್ಮಡಿಗೆ, ಒಂದು ಹೆಜ್ಜೆಗೆ ಇನ್ನೊಂದು ಅಂಟಿ, ಸಾಲಾಗಿ ಪಕ್ಕಕ್ಕೆ ಸರಿಯಬೇಕು. ಶಿಸ್ತಾಗಿ ಮೆಲ್ಲಗೆ ನಡೆಯಿರಿ ಅಂತ ಡ್ರಿಲ್ ಉಸ್ತಾದರಿಗೆ ಒಪ್ಪಿಸುವುದೇ ಈ ಕಾಮಗಾರಿಯ ಅತಿ ಕಠಿಣ ಹಂತ.

ಮಣ್ಣಿನವರ ಕತೆ ಬೇರೆ. ಮಾದರಿಗೆ ತಂದ ಚೀಲ ಬಂಗಾರ, ಲೋಡಿನಲ್ಲಿ ಬಂದದ್ದು ಇನ್ನೇನೋ. ‘ಎಲ್ಲ ಒಂದೇ ಕೆರೆದು ಸಾರ್’ ಅನ್ನುವ ಮಾತನ್ನು ಹೇಳಿಕೆ ಅಂತ ದಾಖಲಿಸಬಹುದು, ಸಾಕ್ಷಿ ಅಂತ ಅಲ್ಲ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಮರಳಿಗಿಂತ ನುಣುಪಾದ ರೇವೆ ಕೆಲವು ಗಂಟೆ ತೆಗೆದುಕೊಳ್ಳುತ್ತದೆ, ಜೇಡಿ ಮರುದಿನವೂ ನೀರು ಕದಡಿಟ್ಟಿರುತ್ತದೆ. ಇನ್ನೊಂದು ಪರೀಕ್ಷೆ: ಹಳೆಯ ಪಿಚ್ ಮಣ್ಣಿನದೂ ಹೊಸದರದೂ ಒಂದೇ ಗಾತ್ರದ ಗೋಲಿ ಮಾಡಿ, ನೆರಳಲ್ಲಿ ಪೂರ್ತಿ ಒಣಗಿಸಿ, ತೂಕದ ಯಂತ್ರದ ಮೇಲಿಟ್ಟು ಒತ್ತಿ ಒಡೆಯಿರಿ. ಒಡೆಯುವ ಭಾರ ಎರಡಕ್ಕೂ ಹತ್ತಿರಹತ್ತಿರ ಇರಬೇಕು. ಹೊಸದು ಇನ್ನೂ ಗಟ್ಟಿ ಅಂತ ಹಿಗ್ಗಬೇಡಿ, ಕುಗ್ಗುವ ಪ್ರಮಾಣ ಬೇರೆಯಾದರೆ ಪದರ ಬಿಟ್ಟುಕೊಳ್ಳುವುದು ಖಾತ್ರಿ. ಎರಡನೇ ಲೋಡ್ ಗೋಲಿಗಳು ಹೆಬ್ಬೆರಳಿಗೇ ಪುಡಿಯಾದವು. ಲೋಡ್ ವಾಪಸ್ಸು.

ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಡ್ರಾಪ್-ಇನ್ ಪಿಚ್ ಎತ್ತುತ್ತಾರೆ. 1977ರಲ್ಲಿ ಆಸ್ಟ್ರೇಲಿಯದ ಮಾಧ್ಯಮ ದೊರೆ ಕೆರಿ ಪ್ಯಾಕರ್‌ನ ವರ್ಲ್ಡ್ ಸೀರೀಸ್ ಕ್ರಿಕೆಟ್‌ಗೆ ಮಾಮೂಲಿ ಕ್ರಿಕೆಟ್ ಮೈದಾನಗಳು ಸಿಗದೆ ಮೆಲ್ಬರ್ನ್‌ನ ವಿಎಫ್‌ಎಲ್ ಪಾರ್ಕ್ ಎಂಬ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅಂಗಣಕ್ಕೆ ಪಿಚ್ಚನ್ನು ಬೇರೆಡೆ ಬೆಳೆಸಿ ತಂದು ಕೂರಿಸಿದ್ದು ನಿಜ. ಟನ್‌ಗಟ್ಟಲೆ ಭಾರದ ಆ ತಟ್ಟೆ ಎತ್ತುವ ಯಂತ್ರ ಯಾರ ಹತ್ತಿರ ಇದೆ? ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಗೋಲ್‌ಪೋಸ್ಟ್ ಸ್ಲೀವ್. ಕ್ರಿಕೆಟ್ ಬಂದಾಗ ಕಂಬ ಕಿತ್ತಿಡಲು ನೆಲದೊಳಗೆ ಕೊಳವೆ ಬೇಕು, ತಳದಲ್ಲಿ ಜಲ್ಲಿ, ನೀರಿಳಿಯಲು ತೂತು, ಮುಚ್ಚಳ ಹುಲ್ಲಿನ ಮಟ್ಟಕ್ಕಿಂತ ಕೆಳಗೆ. ಬಂದಿರುವ ಸ್ಲೀವ್‌ಗಳಿಗೆ ತಳವೇ ಬೆಸುಗೆ ಹಾಕಿ ಮುಚ್ಚಿದೆ. ಮಳೆಗಾಲದಲ್ಲಿ ಮೀನು ಸಾಕಬಹುದು.

ಮೂರನೇ ಪಿಚ್‌ನಲ್ಲಿ ಸದ್ಯಕ್ಕೆ ಎರಡು ಪದರ ಕೂತಿದೆ. ಮೂರನೆಯದಕ್ಕೆ ತೇವ ಸರಿಹೋದ ದಿನವೇ ಬಂದೋಬಸ್ತ್ ಬಂದು ಪ್ಲಟೂನ್ ಪೂರ್ತಿ ಹೊರಟಿತು. ಗೋಣಿತಾಟು ಒದ್ದೆ ಮಾಡಿ ಹೊದಿಸಿದೆ. ಅವರು ಬರುವಷ್ಟರಲ್ಲಿ ಮೇಲ್ಮೈ ಒಣಗಿದ್ದರೆ ಮತ್ತೆ ಗೀರಿ, ನೀರು ಕೊಟ್ಟು, ಆಮೇಲೆ ಮಣ್ಣು. ಅಷ್ಟರಲ್ಲಿ ಎರಡು ಮತ್ತು ನಾಲ್ಕನೇ ಪಿಚ್‌ನ ಪೆವಿಲಿಯನ್ ಎಂಡ್‌ನಿಂದಲೂ ಕೋರ್ ತೆಗೆಯಬೇಕು. ಅಲ್ಲೂ ಕೋರ್ ಚಪ್ಪಟೆಯಾಗಿ ಮುರಿದರೆ ಸೀಸನ್ ಶುರುವಾಗುವುದು ಗೇಟ್ ಪಕ್ಕದ ಕಾಂಕ್ರೀಟ್ ಮೇಲೆ ಮ್ಯಾಟ್ ಹಾಸಿ.