ಓವನ್ ಖಾಲಿ ಮಾಡಿಸುವ ಆಪಲ್ ಕ್ರಿಸ್ಪ್

ಅಮೆರಿಕದಲ್ಲಿ ನಮ್ಮವರ ಮನೆಗೆ ಹೋದರೆ ಒಮ್ಮೆ ಅಡುಗೆಮನೆಯ ಓವನ್ ಬಾಗಿಲು ತೆಗೆದು ನೋಡಿ. ಒಳಗೆ ದೋಸೆ ಹಂಚು, ಬಾಣಲೆಗಳು, ಹಳೇ ಕುಕ್ಕರಿನ ಮುಚ್ಚಳ, ಇಡ್ಲಿ ಸ್ಟ್ಯಾಂಡ್ ಇರುತ್ತವೆ. ಬಾಡಿಗೆ ಮನೆಯಾಗಲಿ, ಸ್ವಂತದ್ದಾಗಲಿ, ಇಲ್ಲಿ ಒಲೆಯ ಜೊತೆಗೇ ಕೆಳಗೆ ಓವನ್ ಸೇರಿಕೊಂಡು ಬರುತ್ತದೆ. ನಮಗೆ ಅದು ಕಪಾಟು. ದಿನಾ ಅನ್ನ, ಸಾರು, ಪಲ್ಯ ಮಾಡುವವರಿಗೆ ಬೇಕಿಂಗ್ ಯಾಕೆ ಬೇಕು, ಅಲ್ವಾ?

ನಮ್ಮ ಮನೆಯ ಈ ಕಪಾಟು ಖಾಲಿಯಾಗುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ. ಕಾರಣ ಆಪಲ್ ಕ್ರಿಸ್ಪ್. ಸೇಬು ಹೆಚ್ಚಿ ಟ್ರೇಗೆ ಹಾಕಿ, ಅದರ ಮೇಲೆ ಓಟ್ಸ್, ಮೈದಾ, ಬ್ರೌನ್ ಶುಗರ್, ಬೆಣ್ಣೆ ಸೇರಿಸಿ ಉಜ್ಜಿದ ತರಿತರಿ ಪುಡಿ ಹರಡಿ ಓವನ್‌ನಲ್ಲಿ ಬೇಯಿಸಿದರೆ ಆಯಿತು. ಹಿಟ್ಟು ಲಟ್ಟಿಸಬೇಕಿಲ್ಲ. ಉಬ್ಬುತ್ತೋ ಇಲ್ಲವೋ ಅಂತ ಬಾಗಿಲ ಗಾಜಿನೊಳಗೆ ಇಣುಕುತ್ತಾ ಕೂರಬೇಕಿಲ್ಲ. ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಮೊಟ್ಟೆ ಬೇಡ.

ಈ ಕೊನೆಯ ಮಾತಿನ ಬೆಲೆ ಗೊತ್ತಾಗಬೇಕಾದರೆ ಮೊಟ್ಟೆ ತಿನ್ನದವರ ಜೊತೆ ಇಲ್ಲಿನ ಬೇಕರಿಗೆ ಹೋಗಬೇಕು. ನಮ್ಮ ಅತ್ತೆ ಬಂದಾಗ ಪ್ರತಿ ಗಾಜಿನ ಡಬ್ಬದ ಮುಂದೆಯೂ ಒಂದೇ ಪ್ರಶ್ನೆ. "ಇದರಲ್ಲಿ ಮೊಟ್ಟೆ ಇದ್ಯೇನಮ್ಮಾ?" ಇದೆ ಅತ್ತೆ. "ಇದರಲ್ಲಿ?" ಇದರಲ್ಲೂ ಇದೆ. ಕೇಕ್, ಮಫಿನ್, ಕುಕಿ, ಡೋನಟ್, ಎಲ್ಲದರಲ್ಲೂ ಇದೆ. ಆಪಲ್ ಪೈ ಆದರೂ ತಿನ್ನೋಣ ಅಂದರೆ ಅಂಗಡಿಯ ಕೆಲವು ರೆಡಿ ಪೈ ಹಾಳೆಗಳಲ್ಲಿ, ಅಂದರೆ ಹಣ್ಣು ತುಂಬುವುದಕ್ಕೆ ಲಟ್ಟಿಸಿಟ್ಟ ಹಿಟ್ಟಿನ ಹಾಳೆಗಳಲ್ಲಿ, ಲಾರ್ಡ್ ಇರುತ್ತದೆ. ಲಾರ್ಡ್ ಅಂದರೆ ಹಂದಿ ಕೊಬ್ಬು. ಲೇಬಲ್ ಓದದೆ ಬಾಯಿಗೆ ಹಾಕುವ ಹಾಗಿಲ್ಲ. ಹೀಗಿರುವಾಗ ಅಪ್ಪಟ ಅಮೆರಿಕನ್ ಸಿಹಿಯೊಂದನ್ನು ಅವರ ಮುಂದಿಟ್ಟು "ಧಾರಾಳವಾಗಿ ತಿನ್ನಿ" ಅನ್ನುವುದು ಎಂಥಾ ಸುಖ ಗೊತ್ತಾ!

ಅಪ್ಪಟ ಅಮೆರಿಕನ್ ಅಂದೆ. ಹಣ್ಣು ಮಾತ್ರ ಇಲ್ಲಿನದಲ್ಲ. ಈ ನೆಲದಲ್ಲಿ ಮೊದಲಿನಿಂದ ಇದ್ದದ್ದು ಹುಳಿ ಹುಳಿಯಾದ ಪುಟ್ಟ ಕಾಡು ಸೇಬು. ನಾವು ತಿನ್ನುವ ಸೇಬಿನ ತವರು ಕಜಕಸ್ತಾನದ ಕಡೆಯ ಬೆಟ್ಟಗಳು. ಅಲ್ಲಿಂದ ಯುರೋಪಿಗೆ ಹೋಗಿ, ವಲಸೆ ಬಂದವರ ಜೊತೆ ಇಲ್ಲಿಗೆ ಬಂತು. ಕ್ರಿಸ್ಪ್ ಕೂಡ ಅಂಥ ಹಳೆಯದೇನಲ್ಲ. ಅಡುಗೆ ಪುಸ್ತಕಗಳಲ್ಲಿ ಈ ಹೆಸರು ಕಾಣಿಸಿಕೊಂಡದ್ದು 1920ರ ದಶಕದಲ್ಲಿ.

ನಾವಿರುವುದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಹತ್ತಿರ. ನ್ಯೂಯಾರ್ಕ್ ಅಂದ ಕೂಡಲೇ ಊರಿನವರಿಗೆ ಎತ್ತರದ ಕಟ್ಟಡಗಳೇ ನೆನಪಾಗುತ್ತವೆ. ಆ ನಗರ ಇಲ್ಲಿಂದ ಕಾರಿನಲ್ಲಿ ಐದಾರು ಗಂಟೆ ದೂರ. ನಮ್ಮ ಕಡೆ ಇರುವುದು ಹೊಲ, ತೋಟ, ಹಸು. ಅಮೆರಿಕದಲ್ಲಿ ಸೇಬು ಜಾಸ್ತಿ ಬೆಳೆಯುವುದು ಪಶ್ಚಿಮದ ವಾಷಿಂಗ್ಟನ್ ರಾಜ್ಯ. ಎರಡನೇ ಜಾಗ ಸಾಮಾನ್ಯವಾಗಿ ನ್ಯೂಯಾರ್ಕ್‌ದು. ಅದರಲ್ಲೂ ಒಂಟಾರಿಯೊ ಸರೋವರದ ದಕ್ಷಿಣ ದಡದ ಉದ್ದಕ್ಕೂ ಸೇಬಿನ ತೋಟಗಳೇ. ಇದಕ್ಕೆ ಸರೋವರವೇ ಕಾರಣ. ವಸಂತದಲ್ಲಿ ನೀರು ಇನ್ನೂ ಕೊರೆಯುತ್ತಿರುತ್ತದೆ, ಅದರ ಮೇಲಿಂದ ಬೀಸುವ ಗಾಳಿಗೆ ಗಿಡಗಳು ಬೇಗ ಹೂ ಬಿಡುವುದಿಲ್ಲ. ಬಿಡುವ ಹೊತ್ತಿಗೆ ಹಿಮದ ಕಾಟ ಹೆಚ್ಚುಕಡಿಮೆ ಮುಗಿದಿರುತ್ತದೆ. ಚಳಿಗಾಲಕ್ಕೆ ಮುಂಚೆ ಇದೇ ನೀರು ಬೇಸಿಗೆಯ ಬಿಸಿ ಹಿಡಿದಿಟ್ಟುಕೊಂಡು ಮೊದಲ ಹಿಮವನ್ನು ಮುಂದಕ್ಕೆ ತಳ್ಳುತ್ತದೆ. ಹಣ್ಣು ಮಾಗುವುದಕ್ಕೆ ಇನ್ನೊಂದಿಷ್ಟು ದಿನ ಸಿಗುತ್ತದೆ.

ಶನಿವಾರ, ಭಾನುವಾರ ಈ ತೋಟಗಳಲ್ಲಿ ಜಾತ್ರೆ. ಗೇಟಿನಲ್ಲಿ ಚೀಲಕ್ಕೆ ದುಡ್ಡು ಕೊಟ್ಟು ಒಳಗೆ ಹೋಗಿ ನೀವೇ ಹಣ್ಣು ಕಿತ್ತುಕೊಳ್ಳಬೇಕು. ಅಳತೆ ಕೆಜಿಯೂ ಅಲ್ಲ, ಪೌಂಡೂ ಅಲ್ಲ. ಪೆಕ್, ಬುಷೆಲ್ ಅನ್ನುವ ಹಳೇ ಕಾಲದ ಲೆಕ್ಕ. ಒಂದು ಪೆಕ್ ಅಂದರೆ ಸುಮಾರು ನಾಲ್ಕೂವರೆ ಕೆಜಿ, ನಾಲ್ಕು ಪೆಕ್ ಸೇರಿದರೆ ಒಂದು ಬುಷೆಲ್. ಅರ್ಧ ಬುಷೆಲ್ ಚೀಲ ತಗೊಂಡವರು ಆಮೇಲೆ ಎರಡು ವಾರ ಎದುರಿಗೆ ಸಿಕ್ಕವರಿಗೆಲ್ಲ ಸೇಬು ಹಂಚುತ್ತಿರುತ್ತಾರೆ. ಕೀಳುವುದಕ್ಕೂ ಒಂದು ಕ್ರಮ ಇದೆ. ಎಳೆಯಬಾರದು. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುಗಿಸಿದರೆ ತೊಟ್ಟಿನ ಸಮೇತ ಕೈಗೆ ಬರುತ್ತದೆ. ಎಳೆದರೆ ಮುಂದಿನ ವರ್ಷದ ಮೊಗ್ಗೂ ಕಿತ್ತು ಬರಬಹುದು.

ನಮ್ಮಂಥವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದು ರಸ್ತೆ ಪಕ್ಕದ ನಾಲ್ಕು ಸಾಲುಗಳಲ್ಲಿ. ಹಿಂದೆ ಎಕರೆಗಟ್ಟಲೆ ಇರುವ ಮರಗಳ ಹಣ್ಣು ಕೀಳುವವರಲ್ಲಿ ಜಮೈಕಾ, ಮೆಕ್ಸಿಕೊದಿಂದ ಬಂದ ಕೂಲಿಯವರು ಬಹಳ. ಎಷ್ಟೋ ಜನ ಸುಗ್ಗಿಗೆಂದೇ ಎಚ್-2ಎ ವೀಸಾದಲ್ಲಿ ಬಂದು, ಕೆಲಸ ಮುಗಿದ ಮೇಲೆ ವಾಪಸ್ ಹೋಗುತ್ತಾರೆ. ಎಚ್-1ಬಿ ಬಗ್ಗೆ ದಿನಾ ಮಾತಾಡುವ ನಮಗೆ ಈ ವೀಸಾದ ಹೆಸರೇ ಗೊತ್ತಿರುವುದಿಲ್ಲ.

ಕ್ರಿಸ್ಪ್‌ಗೆ ಯಾವ ಸೇಬು ಅನ್ನುವುದರಲ್ಲಿ ಇಲ್ಲಿನವರು ಗುಂಪು ಕಟ್ಟಿಕೊಂಡು ವಾದ ಮಾಡುತ್ತಾರೆ. ಅಂಗಡಿಯಲ್ಲಿ ವರ್ಷವಿಡೀ ಸಿಗುವ ಹಸಿರು ಗ್ರಾನಿ ಸ್ಮಿತ್ ಸುಲಭದ ದಾರಿ. ಆಸ್ಟ್ರೇಲಿಯಾ ಮೂಲದ ಹಣ್ಣು, ಹುಳಿ ಜಾಸ್ತಿ, ಬೆಂದರೂ ಹೋಳು ಹೋಳಾಗೇ ಉಳಿಯುತ್ತದೆ. ಮೆಕಿಂಟಾಷ್‌ನ ಪರಿಮಳ ಚೆನ್ನಾಗಿರುತ್ತದೆ, ಆದರೆ ಓವನ್‌ಗೆ ಹೋದರೆ ಕರಗಿ ಗೊಜ್ಜಾಗುತ್ತದೆ. ಈ ಮೆಕಿಂಟಾಷ್‌ನ ಮಕ್ಕಳೇ ಕಾರ್ಟ್‌ಲ್ಯಾಂಡ್ ಮತ್ತು ಎಂಪೈರ್. ಎರಡನ್ನೂ ತಯಾರಿಸಿದ್ದು ನಮ್ಮಿಂದ ಒಂದು ಗಂಟೆ ದಾರಿಯ ಜಿನೀವಾ ಊರಿನ ಸಂಶೋಧನಾ ಕೇಂದ್ರ. ಮೊದಲನೆಯದು ಬಂದದ್ದು 1915ರಲ್ಲಿ, ಇನ್ನೊಂದು 1966ರಲ್ಲಿ. ಕಾರ್ಟ್‌ಲ್ಯಾಂಡ್ ಹೆಚ್ಚಿಟ್ಟರೂ ಬೇಗ ಕಪ್ಪಾಗುವುದಿಲ್ಲ. ಹೆಚ್ಚುವಾಗ ಮಧ್ಯೆ ಫೋನ್ ಬರುವ ಮನೆಗಳಿಗೆ ಇದು ಒಳ್ಳೇದು.

ನನ್ನನ್ನು ಕೇಳಿದರೆ ನಾರ್ದರ್ನ್ ಸ್ಪೈ. ಇದರ ಹುಟ್ಟೂರೂ ಪಕ್ಕದ ಈಸ್ಟ್ ಬ್ಲೂಮ್‌ಫೀಲ್ಡ್. ಸಸಿ ನೆಟ್ಟರೆ ಹಣ್ಣು ಬಿಡುವುದಕ್ಕೆ ವರ್ಷಗಟ್ಟಲೆ ಸತಾಯಿಸುತ್ತದೆ. ಹಾಗಾಗಿ ದೊಡ್ಡ ಅಂಗಡಿಗಳಲ್ಲಿ ಕಾಣುವುದು ಅಪರೂಪ. ಹುಳಿ, ಸಿಹಿ, ಗಟ್ಟಿತನ ಮೂರೂ ಹದವಾಗಿರುತ್ತವೆ. ಸಿಗದಿದ್ದರೆ ಎರಡು ಪಾಲು ಗಟ್ಟಿ ಸೇಬಿಗೆ ಒಂದು ಪಾಲು ಮೆಕಿಂಟಾಷ್ ಬೆರೆಸಿ. ಹೋಳೂ ಇರುತ್ತದೆ, ಅದರ ಸುತ್ತ ರಸವೂ ಇರುತ್ತದೆ. ರೆಡ್ ಡೆಲಿಷಿಯಸ್ ಮಾತ್ರ ಬೇಡವೇ ಬೇಡ. ಊರಲ್ಲಿ ವಾಷಿಂಗ್ಟನ್ ಸ್ಟಿಕರ್ ಅಂಟಿಸಿಕೊಂಡು ಮಿರಮಿರ ಮಿಂಚುವ ಕಡುಗೆಂಪು ಹಣ್ಣು ಹೆಚ್ಚಾಗಿ ಇದೇ. ಬೇಯಿಸಿದರೆ ಸಪ್ಪೆ ಮುದ್ದೆ.

ಇನ್ನು ಮೇಲಿನ ಪದರ. ಕ್ರಿಸ್ಪ್ ಮಾಡುವುದರಲ್ಲಿ ಕೈಗೆ ಕೆಲಸ ಇರುವುದು ಇಲ್ಲೇ. ಒಂದು ಕಪ್ ರೋಲ್ಡ್ ಓಟ್ಸ್, ಮುಕ್ಕಾಲು ಕಪ್ ಮೈದಾ, ಅರ್ಧ ಕಪ್ ಬ್ರೌನ್ ಶುಗರ್, ಒಂದು ಚಮಚ ಚಕ್ಕೆ ಪುಡಿ, ಅರ್ಧ ಚಮಚ ಉಪ್ಪು. ಜೊತೆಗೆ ಒಂದು ಸ್ಟಿಕ್ ಬೆಣ್ಣೆ, ಅಂದರೆ 113 ಗ್ರಾಂ. ಇಲ್ಲಿ ಬೆಣ್ಣೆ ಹೀಗೆ ಉದ್ದನೆಯ ಕಡ್ಡಿಗಳಾಗಿಯೇ ಬರುತ್ತದೆ. ಸಕ್ಕರೆ ಇಲ್ಲಿನವರು ಹಾಕುವುದು ಇನ್ನೂ ಜಾಸ್ತಿ. ಅಷ್ಟು ಹಾಕಿದರೆ ನಮ್ಮ ನಾಲಿಗೆಗೆ ಸೇಬಿನ ರುಚಿಯೇ ಸಿಗುವುದಿಲ್ಲ. ಬ್ರೌನ್ ಶುಗರ್ ಬೆಲ್ಲದ ಪುಡಿಯಲ್ಲ ಅನ್ನುವುದೂ ನೆನಪಿರಲಿ. ಅದು ಸಾಮಾನ್ಯವಾಗಿ ಬಿಳಿ ಸಕ್ಕರೆಗೆ ಮೊಲಾಸಿಸ್, ಅಂದರೆ ಕಾಕಂಬಿ, ಬೆರೆಸಿದ್ದು, ಒದ್ದೆ ಮರಳಿನ ಹಾಗೆ ಇರುತ್ತದೆ.

ಬೆಣ್ಣೆ ತಣ್ಣಗಿರಬೇಕು. ಫ್ರಿಜ್‌ನಿಂದ ತೆಗೆದು ಸಣ್ಣ ಚೂರು ಮಾಡಿ ಹಿಟ್ಟಿಗೆ ಹಾಕಿ ಬೆರಳ ತುದಿಯಲ್ಲಿ ಉಜ್ಜಬೇಕು. ಎಷ್ಟು ಉಜ್ಜಬೇಕು ಅನ್ನುವುದನ್ನು ನಾನು ಅತ್ತೆಗೆ ವಿವರಿಸುವುದಕ್ಕೆ ಹೊರಟೆ. ಅವರು ಪಾತ್ರೆಯನ್ನೇ ನನ್ನ ಕೈಯಿಂದ ತಗೊಂಡರು. ಒಂದು ಹಿಡಿ ಎತ್ತಿ ಅಂಗೈಯಲ್ಲಿ ಅದುಮಿದರು. ಬೆರಳ ಗುರುತು ಮೂಡಿದ ಉಂಡೆ ಆಯಿತು. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರು. ಉದುರಿತು. "ನಿಪ್ಪಟ್ಟಿನ ಹಿಟ್ಟಿಗೆ ನೋಡಲ್ವೇನಮ್ಮಾ, ಹಾಗೇ ತಾನೆ?" ಅಂದರು. ಹಾಗೇ. ಅಲ್ಲಿ ಕಾದ ಎಣ್ಣೆ, ಇಲ್ಲಿ ತಣ್ಣನೆಯ ಬೆಣ್ಣೆ, ಅಷ್ಟೇ ವ್ಯತ್ಯಾಸ. "ಕಪ್ಪು, ಚಮಚ ಎಲ್ಲ ಯಾಕೆ ಬೇಕು ಇದಕ್ಕೆ? ಕೈಗೆ ಗೊತ್ತಾಗುತ್ತಲ್ಲ" ಅಂತಲೂ ಸೇರಿಸಿದರು. ಬೇಕಿಂಗ್ ಅಂದರೆ ಗ್ರಾಂ ಲೆಕ್ಕ, ಅಳತೆ ತಪ್ಪಿದರೆ ಕೆಟ್ಟಿತು ಅಂತ ಎಲ್ಲರೂ ಹೆದರಿಸುತ್ತಾರೆ. ಕೇಕಿಗೆ ಅದು ನಿಜ. ಕ್ರಿಸ್ಪ್‌ಗೆ ಅಲ್ಲ. ಒಂದು ಹಿಡಿ ಓಟ್ಸ್ ಹೆಚ್ಚಾದರೂ ನಡೆಯುತ್ತದೆ, ಬೆಣ್ಣೆ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಕಣ್ಣಳತೆಯಲ್ಲೇ ಅಡುಗೆ ಮಾಡಿ ಬೆಳೆದವರಿಗೆ ಅಮೆರಿಕದ ಓವನ್ ಒಗ್ಗುವುದು ಈ ಒಂದು ತಿಂಡಿಯಿಂದಲೇ ಅಂತ ನನಗನ್ನಿಸುತ್ತದೆ.

ಏಲಕ್ಕಿ ಹಾಕೋಣ್ವಾ ಅಂತ ಅವರು ಡಬ್ಬಿ ಹುಡುಕುವುದಕ್ಕೆ ಶುರು ಮಾಡಿದಾಗ ಮಾತ್ರ ನಾನು ಬೇಡ ಅಂದೆ. ಏಲಕ್ಕಿ ಬಿದ್ದರೆ ಯಾವ ಸಿಹಿಯಾದರೂ ಹಬ್ಬದ ಸಿಹಿಯೇ ಆಗಿಬಿಡುತ್ತದೆ. ಸೇಬಿಗೆ ಚಕ್ಕೆ ಸಾಕು.

ಸೇಬು ಒಂದೂಕಾಲು ಕೆಜಿಯಷ್ಟು ಬೇಕು. ಸಿಪ್ಪೆ ತೆಗೆದು ಅರ್ಧ ಬೆರಳು ದಪ್ಪ ಹೆಚ್ಚಿ. ಕಾಲು ಕಪ್ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, ಅಷ್ಟೇ ಕಾರ್ನ್‌ಫ್ಲೋರ್ ಹಾಕಿ ಕಲಸಿ. ಟ್ರೇಯಲ್ಲಿ ಹರಡಿ, ಮೇಲೆ ಪುಡಿಯನ್ನು ಸುಮ್ನೆ ಉದುರಿಸಿ. ಅದುಮಬೇಡಿ. ಅದುಮಿದರೆ ಹಬೆ ಹೊರಗೆ ಹೋಗುವುದಕ್ಕೆ ಜಾಗ ಸಿಗದೆ ಮೇಲಿನ ಪದರ ಮೆತ್ತಗಾಗುತ್ತದೆ. ಟ್ರೇ ಕೆಳಗೆ ಇನ್ನೊಂದು ಅಗಲವಾದ ತಟ್ಟೆ ಇಡಿ. ರಸ ಉಕ್ಕಿ ಓವನ್ ತಳಕ್ಕೆ ಬಿದ್ದರೆ ಸುಟ್ಟು ಹೊಗೆ ಏಳುತ್ತದೆ, ಹೊಗೆ ಎದ್ದರೆ ಚಾವಣಿಯ ಅಲಾರಂ ಕಿರುಚುತ್ತದೆ. ಒಗ್ಗರಣೆಗೇ ಕಿರುಚುವ ಅಲಾರಂ ಅದು, ಅದಕ್ಕೆ ಇನ್ನೊಂದು ನೆಪ ಯಾಕೆ?

ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 375 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 190 ಸೆಲ್ಸಿಯಸ್‌ಗೆ, 40ರಿಂದ 45 ನಿಮಿಷ. ಮೇಲೆ ಕೆಂಪಗಾಯಿತು ಅಂತ ತೆಗೆಯಬೇಡಿ. ಅಂಚಿನಲ್ಲಿ ರಸ ದಪ್ಪನೆಯ ಗುಳ್ಳೆಯಾಗಿ ಕೊತಕೊತ ಅನ್ನಬೇಕು. ಆಗಲೇ ಕಾರ್ನ್‌ಫ್ಲೋರ್ ಬೆಂದು ರಸ ಗಟ್ಟಿಯಾಗುವುದು. ಹೊರಗೆ ತೆಗೆದ ಮೇಲೂ ಕಾಲು ಗಂಟೆ ಬಿಡಬೇಕು. ಮಕ್ಕಳಿರುವ ಮನೆಯಲ್ಲಿ ಕಷ್ಟದ ಕೆಲಸ ಇದೇ.

ಇಲ್ಲಿನವರು ಬಿಸಿ ಕ್ರಿಸ್ಪ್ ಮೇಲೆ ವೆನಿಲಾ ಐಸ್‌ಕ್ರೀಮ್ ಹಾಕಿಕೊಳ್ಳುತ್ತಾರೆ. ಐಸ್‌ಕ್ರೀಮ್ ಡಬ್ಬದ ಲೇಬಲ್ಲೂ ಓದಿ, ಕೆಲವದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಅತ್ತೆ ಐಸ್‌ಕ್ರೀಮ್ ಮುಟ್ಟಲಿಲ್ಲ. ಬಿಸಿ ಕಾಫಿ ಜೊತೆ ಎರಡು ಸಲ ಹಾಕಿಸಿಕೊಂಡು ತಿಂದರು. ಮಾರನೆಯ ದಿನ ಉಳಿದದ್ದನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, ಗರಿಗರಿ ಹೋಗುತ್ತದೆ. ಓವನ್‌ನಲ್ಲೇ ಹತ್ತು ನಿಮಿಷ ಇಟ್ಟರೆ ಮತ್ತೆ ಮೊದಲಿನಂತೆಯೇ.

ಊರಲ್ಲಿ ಮಾಡಬಹುದಾ ಅಂತ ಕೇಳುವವರಿಗೆ: ಓಟಿಜಿ, ಅಂದರೆ ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್, ಇದ್ದರೆ ಧಾರಾಳವಾಗಿ. ಶಿಮ್ಲಾ, ಕಾಶ್ಮೀರದ ಸೇಬು ಸಿಹಿ ಜಾಸ್ತಿ ಇದ್ದರೆ ಕೆಳಗಿನ ಸಕ್ಕರೆ ಬಿಟ್ಟು ನಿಂಬೆರಸ ಇನ್ನೊಂದು ಚಮಚ ಹಾಕಿ. ಮೆತ್ತಗಾದ ಹಣ್ಣು ಬೇಡ, ಕಚ್ಚಿದರೆ ಕರುಮ್ ಅನ್ನಬೇಕು. ಓಟ್ಸ್ ಗಂಜಿಗೆ ಬಳಸುವ ದಪ್ಪನೆಯದಿರಲಿ, ಮಸಾಲೆ ಪ್ಯಾಕೆಟ್ ಅಲ್ಲ. ಓಟಿಜಿ ಇಲ್ಲದಿದ್ದರೆ ಸೇಬನ್ನು ಬಾಣಲೆಯಲ್ಲಿ ಬೇಯಿಸಿಕೊಂಡು, ಪುಡಿಯನ್ನು ಬೇರೆಯಾಗಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಬಡಿಸುವಾಗ ಮೇಲೆ ಹಾಕಿ. ಅದು ಕ್ರಿಸ್ಪ್ ಅಲ್ಲ ಅಂತ ಇಲ್ಲಿನವರು ತಕರಾರು ತೆಗೆಯಬಹುದು. ತೆಗೆಯಲಿ ಬಿಡಿ.