ನೆರೆ ಇಳಿದ ಊರಿನ ಬಾವಿ

ನೆರೆ ಇಳಿದ ಊರಿಗೆ ಬರುವ ಮೊದಲ ಲಾರಿಯಲ್ಲಿ ಕಂಬಳಿ, ಬಿಸ್ಕೆಟ್, ನೀರಿನ ಬಾಟಲಿ ಇರುತ್ತವೆ. ಅವೂ ಬೇಕು. ಆದರೆ ಬಾಟಲಿ ನಾಲ್ಕು ದಿನಕ್ಕೆ ಮುಗಿಯುತ್ತದೆ, ಆಮೇಲೆ ಜನ ಹೋಗುವುದು ತಮ್ಮ ಬಾವಿಗೇ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆಯ ಹೊಳೆದಂಡೆಯ ಊರುಗಳು ಮುಳುಗಿದ ಹಾಗೆ ಊರಿಗೆ ಊರೇ ಮುಳುಗಿದಾಗ ಕಕ್ಕಸು ಗುಂಡಿಯ ನೀರು, ಕೊಟ್ಟಿಗೆಯ ಗಂಜಲ, ಸತ್ತ ದನದ ಕೊಳೆ ಎಲ್ಲವೂ ಬಾವಿಕಟ್ಟೆ ದಾಟಿ ಒಳಗಿಳಿದಿರುತ್ತವೆ. ಅದಕ್ಕೆ ಒಂದು ಹಿಡಿ ಬ್ಲೀಚಿಂಗ್ ಪುಡಿ ಎರಚಿ ಸಂಜೆಗೆ ಕುಡಿಯುವುದು ಬಹಳ ಕಡೆ ನಡೆಯುವ ತಪ್ಪು. ಕೆಸರು ತುಂಬಿದ ನೀರಿನಲ್ಲಿ ಕ್ಲೋರಿನ್ ಆ ಕೆಸರಿನ ಕೊಳೆಗೇ ಖರ್ಚಾಗಿ ಹೋಗುತ್ತದೆ, ರೋಗಾಣುಗಳಿಗೆ ಉಳಿಯುವುದಿಲ್ಲ. ಮೊದಲು ಹೂಳು ತೆಗೆಯಬೇಕು, ಆಮೇಲೆ ಪುಡಿ.

ಹಾಗೆಂದು ನೆರೆ ಇಳಿದ ಮರುದಿನವೇ ಪಂಪು ಹಚ್ಚಿ ಬಾವಿ ಬರಿದು ಮಾಡಬೇಡಿ. ಸುತ್ತಲಿನ ಮಣ್ಣು ಇನ್ನೂ ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರು ಒಮ್ಮೆಲೇ ಇಳಿದರೆ ಹೊರಗಿನ ಒತ್ತಡಕ್ಕೆ ರಿಂಗು ಬಿರಿಯುತ್ತದೆ, ಕಲ್ಲಿನ ಕಟ್ಟು ಕುಸಿಯುತ್ತದೆ. ಸುತ್ತಲಿನ ನೀರು ಇಂಗುವವರೆಗೆ ಕಾಯಿರಿ, ಆಮೇಲೂ ಸ್ವಲ್ಪ ಸ್ವಲ್ಪವೇ ಎತ್ತಿರಿ.

ಇಳಿಯುವವರ ಜೀವದ ಮಾತು ಇನ್ನೂ ದೊಡ್ಡದು. ಕೊಳೆತ ಬಾವಿಯಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯನ್ನೊಂದೇ ನಂಬಬೇಡಿ: ಆಮ್ಲಜನಕ ಕಡಿಮೆಯಾದರೆ ದೀಪ ಆರುತ್ತದೆ, ಆದರೆ ವಿಷಗಾಳಿ ಇದ್ದೂ ದೀಪ ಉರಿಯಬಹುದು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬೇಡಿ, ಅದರ ಹೊಗೆಯೇ ಕೊಲ್ಲುತ್ತದೆ. ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು, ಸಾಧ್ಯವಿದ್ದರೆ ಗಾಳಿ ಊದುವ ಬ್ಲೋವರ್. ಕೆಳಗಿದ್ದವರು ಕುಸಿದು ಬಿದ್ದರೆ ಎತ್ತಲು ಇನ್ನೊಬ್ಬರು ಇಳಿಯಬಾರದು, ಹಗ್ಗದಿಂದಲೇ ಎಳೆಯಬೇಕು. ಕೆಸರಿನಲ್ಲಿ ಕೆಲಸ ಮಾಡುವವರು ಇಲಿಜ್ವರದ ಮುಂಜಾಗ್ರತೆ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಮೊದಲೇ ಕೇಳಲಿ.

ಹೂಳು ತೆಗೆದ ಮೇಲೆ 10 ಲೀಟರ್ ನೀರಿಗೆ 60 ಗ್ರಾಂ ಪುಡಿ ಕಲಸಿ ಒಳಗೋಡೆ ಉಜ್ಜಿರಿ. ನೀರು ಮತ್ತೆ ಊರಿ ತಿಳಿಯಾದಾಗ ಅಳತೆ ಮಾಡಿ. ವ್ಯಾಸ, ನೀರಿನ ಆಳ ಎರಡೂ ಮೀಟರಿನಲ್ಲಿರಲಿ. ವ್ಯಾಸವನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ಸಿಗುತ್ತದೆ. 2 ಮೀಟರ್ ವ್ಯಾಸ, 3 ಮೀಟರ್ ನೀರು ಅಂದರೆ 9,420 ಲೀಟರ್. ಮಾಮೂಲಿ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಸಾಕು. ನೆರೆಯ ನಂತರ ಇಮ್ಮಡಿ, 5 ಗ್ರಾಂ. ಈ ಬಾವಿಗೆ ಸುಮಾರು 47 ಗ್ರಾಂ.

ಈ ಲೆಕ್ಕ ಹೊಸ ಪುಡಿಗೆ ಮಾತ್ರ. ಒಳ್ಳೆಯ ಪುಡಿಯಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇರುತ್ತದೆ. ಬಾಯಿ ತೆರೆದಿಟ್ಟ ಚೀಲದಲ್ಲಿ, ಬಿಸಿಲು ತೇವ ತಾಗಿದಲ್ಲಿ, ಅದು ದಿನೇ ದಿನೇ ಹಾರಿಹೋಗುತ್ತದೆ. ದಾನಿಗಳು 25 ಕಿಲೋ ಚೀಲದ ಬದಲು ಸೀಲು ಮಾಡಿದ ಸಣ್ಣ ಪೊಟ್ಟಣ ಕಳಿಸಿದರೆ ಎಷ್ಟೋ ಉಪಕಾರ.

ಪುಡಿಯನ್ನು ಒಣದಾಗಿ ಸುರಿಯಬಾರದು. ಪ್ಲಾಸ್ಟಿಕ್ ಬಕೆಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, 10 ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಸಿದು, ಅದನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಜಗ್ಗಾಡಿ ಬೆರೆಸಿ. ತಳದ ಸುಣ್ಣ ಬಾವಿಗೆ ಬಿದ್ದರೆ ನೀರು ಗಡುಸಾಗುತ್ತದೆ. ಆಮೇಲೆ ಯಾರೂ ಬಾವಿಗೆ ಇಳಿಯಕೂಡದು.

ಒಂದು ಗಂಟೆ ಕಳೆದ ಮೇಲೆ ಕ್ಲೋರೋಸ್ಕೋಪಿನಲ್ಲಿ, ಅಂದರೆ ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯುವ ಸಾಧನದಲ್ಲಿ, ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇಲ್ಲವಾದರೆ ಮತ್ತೆ ಹಾಕಬೇಕು. ಪರೀಕ್ಷೆ ಮಾಡದೆ ‘ವಾಸನೆ ಬರುತ್ತಿದೆ, ಸಾಕು’ ಅನ್ನುವುದು ಬೇಡ. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಅನುಕೂಲ. ಸುತ್ತಲಿನ ಮಣ್ಣಿನಿಂದ ಕೊಳೆನೀರು ಇನ್ನೂ ಒಸರುತ್ತಿರುವುದರಿಂದ ಒಂದೇ ಸಲಕ್ಕೆ ಮುಗಿಯದು. ಕೆಲವು ವಾರ ಪರೀಕ್ಷೆ ನೋಡಿಕೊಂಡು ಮರಳಿ ಹಾಕುತ್ತಿರಬೇಕು, ಕುಡಿಯುವ ನೀರನ್ನು ಕುದಿಸಬೇಕು. ಡೀಸೆಲ್ಲೋ ಕೀಟನಾಶಕವೋ ಸೇರಿದ್ದರೆ ಕ್ಲೋರಿನ್ ಏನೂ ಮಾಡದು, ಕುದಿಸಿದರೂ ಪ್ರಯೋಜನವಿಲ್ಲ. ಪ್ರಯೋಗಾಲಯದ ವರದಿ ಬರುವತನಕ ಆ ಬಾವಿ ಮುಟ್ಟಬೇಡಿ.

ಅಲ್ಲಿಯವರೆಗೆ ಟ್ಯಾಂಕರ್ ಬೇಕು. ವಿಪತ್ತಿನ ಪರಿಹಾರ ಕೆಲಸಕ್ಕೆಂದೇ ಇರುವ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡದ ಪ್ರಕಾರ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್. 300 ಜನರಿಗೆ 4,500, ಅಂದರೆ 5,000 ಲೀಟರಿನ ಒಂದು ಟ್ಯಾಂಕರ್ ದಿನವೂ ಬರಬೇಕು. ಅದರ ನೀರನ್ನೂ ಕ್ಲೋರೋಸ್ಕೋಪಿನಲ್ಲಿ ನೋಡಿಯೇ ಇಳಿಸಿಕೊಳ್ಳಿ.

ಕೆಲಸ ಮುಗಿದ ಮೇಲೆ ಬಾವಿಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿಡಿ: ವ್ಯಾಸ 2 ಮೀಟರ್, ನೆರೆಯ ನಂತರ ಮೀಟರ್ ನೀರಿಗೆ 16 ಗ್ರಾಂ. ಮುಂದಿನ ಸಲ ಬರುವವರು ಹಗ್ಗ ಬಿಟ್ಟು ಆಳವೊಂದನ್ನು ನೋಡಿದರೆ ಸಾಕು.