ಸರದಿಗೆ ಕಾಯುತ್ತಾ ಕೂತ ಮಗು ಓದುತ್ತಿರುವುದಿಲ್ಲ

ಐದು ಮಕ್ಕಳನ್ನು ಅರ್ಧವೃತ್ತದಲ್ಲಿ ಕೂರಿಸಿ, ಒಬ್ಬರಾದ ಮೇಲೆ ಒಬ್ಬರಿಂದ ಒಂದೊಂದು ಪ್ಯಾರಾ ಓದಿಸುವುದಕ್ಕೆ ನಾವು ಗುಂಪು ಓದು ಎನ್ನುತ್ತೇವೆ. ಲೆಕ್ಕ ಹಾಕಿ ನೋಡಿ. 15 ನಿಮಿಷದಲ್ಲಿ ಒಂದು ಮಗುವಿಗೆ ಸಿಗುವುದು 3 ನಿಮಿಷ. ಉಳಿದ 12 ನಿಮಿಷದಲ್ಲಿ ಅದು ತನ್ನ ಪಾಲಿಗೆ ಬರುವ ಪ್ಯಾರಾ ಯಾವುದೆಂದು ಎಣಿಸುತ್ತದೆ, ಅದನ್ನಷ್ಟೇ ಒಳಗೊಳಗೇ ತಯಾರಿ ಮಾಡಿಕೊಳ್ಳುತ್ತದೆ, ತನ್ನದು ಮುಗಿದ ಮೇಲೆ ಕಿಟಕಿ ನೋಡುತ್ತದೆ. ಆಸಕ್ತಿಯಿಲ್ಲ ಎಂದು ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಆ 12 ನಿಮಿಷಕ್ಕೆ ನಾವು ಓದುವ ಕೆಲಸವನ್ನೇ ಕೊಟ್ಟಿಲ್ಲ.

ಈ ತೊಂದರೆ ಎದ್ದು ಕಾಣುವುದು 4ನೇ ತರಗತಿಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಯ ಚಟುವಟಿಕೆ ಆಧಾರಿತ ಕಲಿಕೆ. ಅದರಲ್ಲಿ ಮಗು ತನ್ನ ಮೆಟ್ಟಿಲಿನ, ಎಂದರೆ ತಾನು ತಲುಪಿದ ಹಂತದ ಕಾರ್ಡ್ ಹಿಡಿದು, ಆ ಚಟುವಟಿಕೆಗೆ ತಕ್ಕ 'ತಟ್ಟೆ'ಯಲ್ಲಿ (ಗುಂಪಿನಲ್ಲಿ) ಕೂರುತ್ತದೆ. ಎಲ್ಲರ ಕೈಗೂ ಒಂದೊಂದು ಕೆಲಸ. ಮುಂದಿನ ತರಗತಿಗೆ ಬಂದೊಡನೆ ಎಲ್ಲರಿಗೂ ಒಂದೇ ಪಾಠ, ಒಂದೇ ಪುಟ, ಒಂದೇ ವೇಗ.

ಹಾಗಾಗಿ ಮೊದಲು ಬಿಡಬೇಕಾದದ್ದು ಸರದಿ. ಗುಂಪಿನ ಎಲ್ಲರೂ ಒಟ್ಟಿಗೇ, ಪಿಸುದನಿಯಲ್ಲಿ, ಅವರವರ ಪುಸ್ತಕವನ್ನು ಅವರವರ ವೇಗದಲ್ಲಿ ಓದಲಿ. ನೀವು ಒಬ್ಬೊಬ್ಬರ ಪಕ್ಕ ಬಾಗಿ ಒಂದೊಂದು ನಿಮಿಷ ಕೇಳಿಸಿಕೊಳ್ಳಿ. ಎಲ್ಲರನ್ನೂ ಒಮ್ಮೆಗೇ ಶುರು ಮಾಡಿಸಿದರೆ ಎರಡನೇ ಸಾಲಿನ ಹೊತ್ತಿಗೆ ಅದು ಕೋರಸ್ ಆಗಿಬಿಡುತ್ತದೆ. ಕಲಿಕೆಯಲ್ಲಿ ಹಿಂದಿರುವ ಮಗು ಪಕ್ಕದವರ ದನಿಯನ್ನು ಹಿಂಬಾಲಿಸುತ್ತದೆಯೇ ಹೊರತು ಅಕ್ಷರವನ್ನಲ್ಲ. ಒಬ್ಬೊಬ್ಬರನ್ನು 20 ಸೆಕೆಂಡ್ ಬಿಟ್ಟು ಆರಂಭಿಸಿ, ನಡುವೆ ಒಂದು ಮೊಳ ಜಾಗ ಬಿಡಿ. ಬೇಗ ಮುಗಿಸಿದವರು ಪುಸ್ತಕ ಮುಚ್ಚುವಂತಿಲ್ಲ, ಮತ್ತೆ ಮೊದಲಿಂದ ಓದಬೇಕು. ಮೊದಲ ಓದಿನಲ್ಲಿ ಅಕ್ಷರ ಕೂಡಿಸುವುದರಲ್ಲೇ ಇದ್ದ ಗಮನ ಎರಡು, ಮೂರನೇ ಓದಿಗೆ ಅರ್ಥದ ಕಡೆ ತಿರುಗುತ್ತದೆ.

ಓದುವ ಮೊದಲೇ ಒಂದು ಪ್ರಶ್ನೆ ಕೊಡಿ, ಒಂದೇ ಸಾಕು. 'ಈ ಕಥೆಯ ನೀತಿ ಏನು?' ಎಂಬುದಕ್ಕೆ ಕಥೆ ಓದದೆಯೂ ಉತ್ತರ ಹೇಳಬಹುದು, ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. 'ನರಿ ಸುಳ್ಳು ಹೇಳುತ್ತಿದೆ ಅಂತ ಯಾವ ಸಾಲಿನಲ್ಲಿ ಗೊತ್ತಾಯಿತು?' ಎಂದು ಕೇಳಿದರೆ ಪುಟಕ್ಕೆ ಮರಳಲೇಬೇಕು. ಪ್ರತಿ ಮಗುವಿಗೆ 3 ಹುಣಸೆಬೀಜ ಕೊಟ್ಟು, ಉತ್ತರ ಸಿಕ್ಕಲ್ಲಿ ಅಥವಾ ತೊಡಕಾದಲ್ಲಿ ಬೀಜ ಇಡಲು ಹೇಳಿ. ಚರ್ಚೆಗೆ ಕೂತಾಗ ಅದೇ ಬೀಜ ಮಾತಿನ ಲೆಕ್ಕವೂ ಆಗುತ್ತದೆ: ಒಮ್ಮೆ ಮಾತಾಡಿದರೆ ಒಂದು ಬೀಜ ನಡುವಿಗೆ. ಸದಾ ಕೈ ಎತ್ತುವವರ ಬೀಜ ಮೊದಲು ಮುಗಿಯುತ್ತದೆ, ಸುಮ್ಮನಿರುವವರಿಗೆ ಜಾಗ ತೆರೆಯುತ್ತದೆ. ಪ್ರಶ್ನೆ ಕೇಳಿದ ಮೇಲೆ 3ರಿಂದ 5 ಸೆಕೆಂಡ್ ನೀವೂ ಸುಮ್ಮನಿರಿ. ಕಷ್ಟವೆನಿಸುತ್ತದೆ, ಆದರೂ ಇರಿ.

ಇನ್ನು ಕನ್ನಡದ್ದೇ ಆದ ತೊಡಕುಗಳು. ಮಗು ಗುಂಪಿನಲ್ಲಿ ಮೌನವಾಗುವುದು ಬಹುತೇಕ ಇಲ್ಲಿಯೇ, ಇದಕ್ಕೆ ನಾವು ಕೊಡುವ ಸಮಯವೋ ತೀರ ಕಡಿಮೆ. ಮೊದಲನೆಯದು ಅರ್ಕಾವೊತ್ತು. 'ಸೂರ್ಯ'ದಲ್ಲಿ ರಕಾರದ ಉಚ್ಚಾರ ಮೊದಲು, ಗುರುತು ಮಾತ್ರ ಯಕಾರ ಆದ ಮೇಲೆ. ಎಡದಿಂದ ಬಲಕ್ಕೆ ನಿಯತ್ತಾಗಿ ಓದುವ ಮಗು 'ಸೂಯ್ರ' ಎನ್ನುತ್ತದೆ. ಅದು ಅಜಾಗರೂಕತೆಯಲ್ಲ; ಕಲಿತ ನಿಯಮ ಇಲ್ಲಿ ಕೈಕೊಟ್ಟಿದೆ, ಅಷ್ಟೆ. ಎರಡನೆಯದು ಪದದ ಉದ್ದ. ಮನೆ, ಒಳಗೆ, ಇದ್ದವರು ಎಂಬುದೆಲ್ಲ ಬಿಡಿಬಿಡಿಯಾಗಿ ಗೊತ್ತಿರುವ ಮಗುವೂ 'ಮನೆಯೊಳಗಿದ್ದವರನ್ನು' ಎಂಬುದನ್ನು ಕಂಡು ನಿಂತುಬಿಡುತ್ತದೆ. ಪಾಠದಿಂದ ಇಂಥ 4 ಪದಗಳನ್ನು ಮೊದಲೇ ಆರಿಸಿ, ಹಲಗೆಯ ಮೇಲೆ ಬಿಡಿಸಿ ಬರೆದು, ಕೂಡಿಸಿ ತೋರಿಸಿ. 2 ನಿಮಿಷದ ಕೆಲಸ. ನಾಲ್ಕಕ್ಕಿಂತ ಹೆಚ್ಚಾದರೆ ಅದು ವ್ಯಾಕರಣದ ತರಗತಿಯಾಗಿ ಕಥೆ ಹಿಂದೆ ಬೀಳುತ್ತದೆ.

ಮೂರನೆಯದು ನಮ್ಮ ತಿದ್ದುವ ಆತುರ. 'ಹೋಗುತ್ತಾನೆ' ಎಂದು ಅಚ್ಚಾದದ್ದನ್ನು ಧಾರವಾಡ ಕಡೆಯ ಮಗು 'ಹೋಗ್ತಾನ' ಎಂದು ಓದಿದರೆ ತಡೆಯಬೇಡಿ. ಅದು ಅರ್ಥ ಹಿಡಿದು ಮನೆಮಾತಿಗೆ ತಂದುಕೊಂಡಿದೆ. 'ಹೋಗುತ್ತಾಳೆ' ಎಂಬುದನ್ನು 'ಹೋಗ್ತಾನ' ಎಂದರೆ ಮಾತ್ರ ವಾಕ್ಯ ಮುಗಿಯುವವರೆಗೆ ಕಾದು, 'ಯಾರು ಹೋಗಿದ್ದು?' ಎಂದು ಕೇಳಿ. ನಡುವೆಯೇ ತಡೆದರೆ ತನ್ನ ತಪ್ಪನ್ನು ತಾನೇ ಕಾಣುವ ಅವಕಾಶ ಮಗುವಿಗೆ ತಪ್ಪುತ್ತದೆ, ಗುಂಪಿನ ಉಳಿದವರೂ ತಪ್ಪು ಹಿಡಿಯುವುದನ್ನೇ ಆಟ ಮಾಡಿಕೊಳ್ಳುತ್ತಾರೆ.

ಪುಸ್ತಕ ತೀರ ಕಷ್ಟವಾದರೆ ಈ ಯಾವ ಉಪಾಯವೂ ನಡೆಯದು. 50 ಪದಗಳ ಒಂದು ತುಣುಕು ಓದಿಸಿ. 5ಕ್ಕಿಂತ ಹೆಚ್ಚು ಪದಗಳಲ್ಲಿ ಎಡವಿದರೆ ಕೆಳಗಿನ ಹಂತದ್ದು ಕೊಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು 4 ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಅಚ್ಚು ಹಾಕಬಹುದು. ಐದು ಮಕ್ಕಳಿದ್ದರೆ ಐದು ಪ್ರತಿ ಬೇಕು. ಒಂದು ಪುಸ್ತಕಕ್ಕೆ ಮೂವರು ಕೂತರೆ ನಡುವಿನ ಮಗು ಮಾತ್ರ ಓದುತ್ತದೆ.

ನೀವು ಒಂದು ಗುಂಪಿನ ಜೊತೆ ಕೂತಾಗ ಉಳಿದವರಿಗೆ ಜೋಡಿ ಓದು ಕೊಡಿ. 24 ಮಕ್ಕಳನ್ನು ಓದಿನ ಮಟ್ಟದಂತೆ ಪಟ್ಟಿ ಮಾಡಿ, ನಡುವೆ ಎರಡು ಭಾಗ ಮಾಡಿ, 1ನೆಯವರನ್ನು 13ನೆಯವರೊಂದಿಗೆ, 2ನೆಯವರನ್ನು 14ನೆಯವರೊಂದಿಗೆ ಕೂರಿಸಿ. 1 ಮತ್ತು 24 ಜೋಡಿಯಾದರೆ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಸಂಕೋಚ. ಚೆನ್ನಾಗಿ ಓದುವವರು ಒಂದು ಪ್ಯಾರಾ ಓದಿದ ಮೇಲೆ ಜೊತೆಗಾರರು ಅದನ್ನೇ ಓದಬೇಕು, ಆಮೇಲೆ ಇಬ್ಬರೂ ಸೇರಿ ಅದರಲ್ಲಿ ಏನಾಯಿತೆಂದು ಒಂದು ವಾಕ್ಯದಲ್ಲಿ ಹೇಳಿಕೊಳ್ಳಬೇಕು. ಇವರು ನಿಮ್ಮ ಬಳಿ ಓಡಿಬಂದು ಕೇಳತೊಡಗಿದರೆ ಗುಂಪು ಒಡೆಯುತ್ತದೆ. ಅದಕ್ಕೇ ಮೊದಲ ವಾರ ಗುಂಪು ಓದೇ ಬೇಡ. ಜೋಡಿ ಓದನ್ನಷ್ಟೇ ಎಲ್ಲರಿಗೂ ರೂಢಿ ಮಾಡಿಸಿ, ನೀವು ತರಗತಿಯಲ್ಲಿ ಓಡಾಡುತ್ತಿರಿ. ನಿಮ್ಮನ್ನು ಕರೆಯದೆ ಜೋಡಿ ಓದು 10 ನಿಮಿಷ ನಡೆಯತೊಡಗಿದ ಮೇಲೆ ಮೊದಲ ಗುಂಪನ್ನು ಕೂರಿಸಿಕೊಳ್ಳಿ.